ಕೇದಾರಘಾಟಿನಲ್ಲಿ ಬೀಳದ ಸ್ಕೈಲ್ಯಾಬ್

1979ರ ಡಿಸೆಂಬರಿನ ಬೆಳಗು, ಐದೂವರೆ. ಕಾಶಿಯ ಅಸ್ಸಿ ಘಾಟಿನ ಕಡೆ ಮಂಜು ಎಷ್ಟು ದಟ್ಟವಾಗಿದೆಯೆಂದರೆ, ನದಿ ಇರುವುದು ದೋಣಿಯವರ ಕೆಮ್ಮಿನಿಂದಲೇ ಗೊತ್ತಾಗಬೇಕು. ಕೊಟ್ಟೂರಯ್ಯನವರು ಪಕ್ಕದ ಚಹಾದಂಗಡಿಯ ಇದ್ದಿಲೊಲೆಗೆ ಬೆಸುಗೆ ಹಾಕುವ ಕಬ್ಬಿಣ ಇಟ್ಟು ಕಾಯುತ್ತಿದ್ದಾರೆ. ಎಂಟಕ್ಕೆ ಮುಂಚೆ ಕರೆಂಟು ಬರುವ ಭರವಸೆ ಇಲ್ಲ, ಏಳಕ್ಕೆ ದೋಣಿಯವನಿಗೆ ರೇಡಿಯೊ ಬೇಕು. ನೀರಿಗೆ ಬಿದ್ದ ಸೆಟ್ಟು. ಹಿಂಬದಿಯ ಮುಚ್ಚಳ ತೆಗೆದು, ಊದಿ, ಹಲ್ಲುಜ್ಜುವ ಬ್ರಷ್ಷಿನಿಂದ ಹೂಳು ಕೆರೆಯುತ್ತಾರೆ. ಕಾದ ಕಬ್ಬಿಣ ತಾಗಿದ ಕೂಡಲೇ ರಾಳದ ಹೊಗೆ ಏಳುತ್ತದೆ. ಗರಗರ ಸದ್ದು, ಆಮೇಲೆ ಶಹನಾಯಿ.

"ಗಂಗವ್ವ ಕುಡದಿದ್ದು ಸ್ವಲ್ಪ, ಉಳಿಸಿದ್ದು ಬಾಳ" ಎಂದು ಮುಚ್ಚಳ ಹಾಕುತ್ತಾರೆ.

ಕೊಟ್ಟೂರಯ್ಯನವರಿಗೆ ಈಗ ನಲವತ್ತೇಳು. ಬಳ್ಳಾರಿ ಕಡೆಯ ಜಂಗಮರ ಹುಡುಗ, ಹನ್ನೆರಡನೇ ವಯಸ್ಸಿನಲ್ಲಿ ಸಂಸ್ಕೃತ ಕಲಿಯಲೆಂದು ಕಾಶಿಯ ಮಠಕ್ಕೆ ಬಂದವರು. ಮಠದಲ್ಲೊಂದು ದೊಡ್ಡ ರೇಡಿಯೊ ಇತ್ತು. ಒಳಗೆ ಯಾರಿದ್ದಾರೆಂದು ನೋಡಲು ಬಿಚ್ಚಿದರು, ಮತ್ತೆ ಜೋಡಿಸಲು ಬರಲಿಲ್ಲ. ಜೋಡಿಸುವುದನ್ನು ಕಲಿಯಲು ಕಂಟೋನ್ಮೆಂಟಿನ ಬಂಗಾಳಿ ಮೇಸ್ತ್ರಿಯೊಬ್ಬನ ಬಳಿಗೆ ಎರಡು ತಿಂಗಳು ದಿನವೂ ನಡೆದರು. ಆ ರೇಡಿಯೊ ಹಾಡಿತು, ಸಂಸ್ಕೃತ ಅಲ್ಲಿಗೇ ನಿಂತಿತು.

ಇಪ್ಪತ್ತಮೂರು ವರ್ಷಗಳಿಂದ ಈ ಮೆಟ್ಟಿಲ ಕೆಳಗಿನ ಗೂಡಂಗಡಿಯೇ ಅವರ ಕಾರ್ಯಸ್ಥಾನ. ದಿನಕ್ಕೆ ನಾಲ್ಕೈದು ರೇಡಿಯೊ, ಹಬ್ಬದ ದಿನಗಳಲ್ಲಿ ದೇವಸ್ಥಾನದ ಧ್ವನಿವರ್ಧಕಗಳೂ ಸೇರಿ ಹತ್ತು. ಗೋಡೆಯ ತುಂಬ ಬಣ್ಣದ ಕಾರ್ಡುಗಳು. ದೂರದೇಶದ ಕೇಂದ್ರಗಳಿಗೆ, 'ನಿಮ್ಮ ಪ್ರಸಾರ ಕಾಶಿಯಲ್ಲಿ ಇಂಥ ಹೊತ್ತಿಗೆ ಹೀಗೆ ಕೇಳಿಸಿತು' ಎಂದು ತಮ್ಮ ಮುರುಕು ಇಂಗ್ಲಿಷಿನಲ್ಲಿ ಬರೆಯುತ್ತಾರೆ, ಅವರು ಕಾರ್ಡು ಕಳಿಸುತ್ತಾರೆ. ಇಂಥವು ಅರವತ್ತೊಂದು ಇವೆ. ಜಗತ್ತಿನ ಯಂತ್ರತಂತ್ರದ ಸುದ್ದಿ ಅಸ್ಸಿಗೆ ಬರುವುದು ಪತ್ರಿಕೆಗಿಂತ ಒಂದು ದಿನ ಮೊದಲು, ಇವರ ಬಾಯಿಂದ.

ಸುದ್ದಿಯ ಜೊತೆಗೆ ಒಗ್ಗರಣೆಯೂ ಇರುತ್ತದೆ. ಚಂದ್ರನ ಮೇಲೆ ಮನುಷ್ಯ ಇಳಿದಾಗ, ಅಲ್ಲೂ ಒಬ್ಬ ಪಂಡಾ ಪುರೋಹಿತ ವಂಶಾವಳಿಯ ಪುಸ್ತಕ ಹಿಡಿದು 'ಯಜಮಾನರದು ಯಾವ ಗೋತ್ರ' ಎಂದು ಕೇಳಿದ ಎಂದರು. ಆರ್ಯಭಟ ಉಪಗ್ರಹ ಮೇಲೆ ಹೋದದ್ದು ಕೆಳಗೆ ಕರೆಂಟಿಲ್ಲದ್ದಕ್ಕೆ ಎಂದರು. ಕಂಪ್ಯೂಟರನ್ನು ತಂದು ರೈಲು ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೂರಿಸಿದರೆ, ಎರಡೇ ದಿನಕ್ಕೆ ಅದೂ 'ಊಟ ಆದಮೇಲೆ ಬಾ' ಎನ್ನಲು ಕಲಿಯುತ್ತದೆ ಎಂದರು. ಚಹಾದಂಗಡಿಯ ಬೆಂಚಿನವರು ಬೆಳಗಾದರೆ, "ಕಾ ಗುರು, ಆಜ್ ಕಾ ಖಬರ್ ಹೌ?" ಎಂದು ಇವತ್ತಿನ ಸುದ್ದಿ ಕೇಳಿ ಕಾಯುವುದು ಇದಕ್ಕಾಗಿ.

ಈ ಬರಹ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಕೊಟ್ಟೂರಯ್ಯನವರು ಒಪ್ಪಲಿಲ್ಲ.

"ನನ್ನ ಕೆಲಸ ಬರೀರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಭಾಗೀರಥಮ್ಮಾರ ವಿಷಯ ಬಿಟ್ಟು ಬರೀಬ್ಯಾಡ್ರಿ."

ಭಾಗೀರಥಮ್ಮನವರು ತುಮಕೂರಿನ ಕಡೆಯವರು. ಎಪ್ಪತ್ತಾರು ವರ್ಷದ ವಿಧವೆ. ಕೇದಾರಘಾಟಿನ ಹಿಂದಿನ ಗಲ್ಲಿಯಲ್ಲಿ, ದಕ್ಷಿಣದ ಯಾತ್ರಿಕರಿಗೆ ಕರ್ಮ ಮಾಡಿಸುವ ವಾಸುದೇವ ಭಟ್ಟರ ಮನೆಯ ಒಂದು ಕೋಣೆಯಲ್ಲಿ ಹದಿನಾಲ್ಕು ವರ್ಷಗಳಿಂದ ಇದ್ದಾರೆ. ಕಾಶಿಯಲ್ಲಿ ಸಾಯಬೇಕೆಂದು ಬಂದವರು. ಸಾವು ಬರುತ್ತಿಲ್ಲವೆಂಬುದೊಂದೇ ಅವರ ದೂರು.

ಈ ವರ್ಷದ ಜುಲೈ ತಿಂಗಳು. ಸ್ಕೈಲ್ಯಾಬ್ ಎಂಬ ಅಮೆರಿಕದ ಆಕಾಶ ಪ್ರಯೋಗಾಲಯ ಕಕ್ಷೆ ಜಾರಿ ಭೂಮಿಗೆ ಬೀಳಲಿದೆ, ಎಲ್ಲಿಗೆಂದು ಯಾರಿಗೂ ಖಚಿತವಿಲ್ಲ ಎಂದು ರೇಡಿಯೊಗಳು ಹೇಳುತ್ತಿದ್ದವು. ಊರೆಲ್ಲ ಅದೇ ಮಾತು. ಅದು ಕಾಶಿಗೆ ಬಂದರೂ ಗಲ್ಲಿಯ ಗೂಳಿ ಎದ್ದು ದಾರಿ ಬಿಡುವ ತನಕ ಮೇಲೇ ನಿಲ್ಲಬೇಕಾದೀತು ಎಂದು ಕೊಟ್ಟೂರಯ್ಯನವರು ಬೆಂಚನ್ನು ನಗಿಸುತ್ತಿದ್ದಾಗ, ಭಾಗೀರಥಮ್ಮನವರು ತಮ್ಮ ಪುಟ್ಟ ಟ್ರಾನ್ಸಿಸ್ಟರಿಗೆ ಸೆಲ್ ಹಾಕಿಸಲು ಬಂದರು.

"ಮೇಲಿಂದ ಅದೇನೋ ಬೀಳತ್ತಂತಲ್ಲ ಕೊಟ್ಟೂರಯ್ಯ, ಎಲ್ಲಿಗಪ್ಪ?"

ಬೆಂಚಿನ ಮೇಲೆ ಎಂಟು ಜನ ಇವರ ಬಾಯನ್ನೇ ನೋಡುತ್ತಿದ್ದರು. "ಕೇದಾರಘಾಟಿಗೇ, ಅಜ್ಜಿ" ಎಂದರು ಕೊಟ್ಟೂರಯ್ಯ. "ಬುಧವಾರ ಮಧ್ಯಾಹ್ನ ಮೂರಕ್ಕ. ಅಮೆರಿಕದೋರು ಪಂಚಾಂಗ ನೋಡೇ ಇಟ್ಟಾರ. ಬರೀ ಸತ್ರ ಮುಕ್ತಿ, ಇದರಾಗ ಸತ್ರ ಸೀಟು ರಿಸರ್ವ್ ಮಾಡಿದ ಮುಕ್ತಿ."

ಅದನ್ನೇ ಹಿಂದಿಯಲ್ಲಿ ಬೆಂಚಿಗೂ ಹೇಳಿದರು. ಬೆಂಚು ಬಿದ್ದು ಬಿದ್ದು ನಕ್ಕಿತು. ಭಾಗೀರಥಮ್ಮನವರು ಎರಡೂ ಕೈ ಜೋಡಿಸಿ ಹಣೆಗೆ ಮುಟ್ಟಿಸಿಕೊಂಡು ಹೋದರು.

"ಕೈ ಮುಗಿದಿದ್ದು ನಾ ನೋಡಿದ್ದೆ" ಎನ್ನುತ್ತಾರೆ ಕೊಟ್ಟೂರಯ್ಯ. "ನೋಡಿಲ್ಲ ಅಂತ ಹೆಂಡ್ತಿ ಮುಂದ ಹೇಳೀನಿ. ನೋಡಿದ್ದೆ. ಮಂದಿ ನಗಾಕ ಹತ್ತಿದ್ರಲ್ಲ, ಹಿಂದ ಕರದು ಹೇಳಾಕ ಮನಸ್ಸಾಗಲಿಲ್ಲ."

ಬುಧವಾರ ಜಿನುಗು ಮಳೆ. ಕೇದಾರಘಾಟಿನಿಂದಾಚೆಯ ದೋಣಿಯವನೊಬ್ಬನಿಗೆ ರೇಡಿಯೊ ಕೊಡಲು ಅವರು ಘಾಟಿನ ದಾರಿಯಲ್ಲೇ ಹೊರಟಿದ್ದರು. ಕೇದಾರಘಾಟಿನಲ್ಲಿ ನೀರು ಮೆಟ್ಟಿಲು ಏರುತ್ತಿತ್ತು. ಅದಕ್ಕಿಂತ ನಾಲ್ಕು ಮೆಟ್ಟಿಲು ಮೇಲೆ ಭಾಗೀರಥಮ್ಮ ಕೂತಿದ್ದರು. ಒಗೆದ ಕೆಂಪು ಸೀರೆ, ಹಣೆಗೆ ವಿಭೂತಿ, ಮುಂದೆ ತುಳಸಿ ಹಾಕಿದ ನೀರು. ಮುಖ ಆಕಾಶಕ್ಕೆ ಎತ್ತಿದ್ದರಿಂದ ಹನಿ ನೇರ ಕಣ್ಣಿಗೆ ಬೀಳುತ್ತಿತ್ತು.

ಕೊಟ್ಟೂರಯ್ಯ ಅಲ್ಲೇ ಪಕ್ಕದ ಗಲ್ಲಿಗೆ ತಿರುಗಿಬಿಟ್ಟರು.

ಇದಾದರೂ ಹೆದರಿಕೆ ಎನ್ನಬಹುದು. ಮುಂದಿನದಕ್ಕೆ ಅವರೇ ಹೆಸರಿಡುವುದಿಲ್ಲ. ಅಂಗಡಿಗೆ ಬಂದು ಬೆಂಚಿನವರಿಗೆ, "ಒಬ್ಬಾಕಿ ರಿಸರ್ವೇಷನ್ ಮಾಡಿಸಿ ಪ್ಲಾಟ್‌ಫಾರಮ್ಮಿನ ಮ್ಯಾಲೆ ಕುಂತಾಳ" ಎಂದರು. ಬೆಂಚಿನಲ್ಲಿದ್ದ ಕಾಲೇಜಿನವರು ಐದಾರು ಜನ ನೋಡಲು ಎದ್ದುಹೋದರು. ಮೂರು ಗಂಟೆಗೆ ಅವರು ಮುದುಕಿಯ ಹಿಂದೆ ನಿಂತು ಒನ್, ಟೂ, ಥ್ರೀ ಎಂದು ಎಣಿಸಿದರಂತೆ. ಇಂಗ್ಲಿಷ್ ತಿಳಿಯದ ಭಾಗೀರಥಮ್ಮ, ಹುಡುಗರು ತನ್ನ ಜೊತೆ ದೇವರ ನಾಮ ಹೇಳುತ್ತಿದ್ದಾರೆಂದುಕೊಂಡು ಕೈ ಮುಗಿದರಂತೆ.

ಸಂಜೆ ವಾಸುದೇವ ಭಟ್ಟರು ಅಂಗಡಿಗೆ ಬಂದರು. "ಅಜ್ಜೀನ ಎತ್ಕೊಂಡು ಬಂದ್ವಿ. ಮೈ ಕೆಂಡ ಆಗಿದೆ. ಮೂರು ದಿನದಿಂದ ಒಂದೊಂದೇ ಸಾಮಾನು ಎಲ್ಲರಿಗೂ ಕೊಟ್ಟಿದ್ದಾರೆ. ತಂಬಿಗೆ, ಒಲೆ, ಕಂಬಳಿ, ರೇಡಿಯೊ. ಕೋಣೇಲಿ ಹೊದಿಸೋಕೂ ಏನಿಲ್ಲ. ಯಾರು ಹೇಳಿದ್ದು ಅಂದ್ರೆ ನಿಮ್ಮ ಹೆಸರು ಹೇಳ್ತಾರೆ."

ಕೊಟ್ಟೂರಯ್ಯ ಮನೆಗೆ ಹೋದರು. ಊಟಕ್ಕೆ ಕೂತರು. ಸುದ್ದಿ ಆಗಲೇ ತಲುಪಿದ್ದ ಹೆಂಡತಿ ಗಿರಿಜಾದೇವಿ ತಟ್ಟೆ ಇಡಲಿಲ್ಲ. ತಮ್ಮ ದಪ್ಪ ರಜಾಯಿಯನ್ನು ಮಡಿಸಿ ತಂದು ಗಂಡನ ಮಡಿಲಿಗೆ ಹಾಕಿದರು.

"ಕೊಟ್ಟು ಬರ್ರಿ. ಆಮ್ಯಾಲೆ ಉಣ್ಣೂಣು."

ಜ್ವರ ಒಂಬತ್ತು ದಿನ ಇತ್ತು. ಮರುದಿನವೇ ರೇಡಿಯೊ ಹೇಳಿತು, ಸ್ಕೈಲ್ಯಾಬ್ ಆಸ್ಟ್ರೇಲಿಯಾದ ಕಡೆ ಸಮುದ್ರಕ್ಕೂ ಬಯಲಿಗೂ ಚೂರಾಗಿ ಬಿದ್ದಿದೆ ಎಂದು. ಅದನ್ನು ತಿಳಿಸಲು ಕೊಟ್ಟೂರಯ್ಯ ಹಾಸಿಗೆಯ ಪಕ್ಕ ಕೂತರು. ತಾನು ಸುಳ್ಳು ಹೇಳಿದೆನೆಂದು, ನಗಿಸಲು ಹೇಳಿದೆನೆಂದು ಎರಡು ಸಲ ಹೇಳಿದರು. ಭಾಗೀರಥಮ್ಮ ಕೇಳಿಸಿಕೊಂಡರು. "ಇನ್ನೊಂದು ಬೀಳೋದು ಇದೆಯೇನಪ್ಪ?" ಎಂದರು.

ಅವರು ಎದ್ದು ಓಡಾಡುವ ಹೊತ್ತಿಗೆ ಇನ್ನೊಂದು ಕಷ್ಟ ಎದುರಾಯಿತು. ದಾನ ಕೊಟ್ಟದ್ದನ್ನು ಹಿಂದಕ್ಕೆ ಕೇಳುವ ಮುಖ ಅವರಿಗಿರಲಿಲ್ಲ. ಕೈಬೊಗಸೆಯಲ್ಲಿ ನೀರು ಕುಡಿಯುತ್ತಿದ್ದರು. ಆಗ ಕೊಟ್ಟೂರಯ್ಯನವರು ಅಂಗಡಿ ಮುಚ್ಚಿ ಮನೆಮನೆಗೆ ಹೊರಟರು. ಏಳು ಮನೆ. ಪ್ರತಿ ಬಾಗಿಲಲ್ಲೂ ಒಂದೇ ಮಾತು, ಕನ್ನಡದವರಿಗೆ ಕನ್ನಡದಲ್ಲಿ, ಉಳಿದವರಿಗೆ ಹಿಂದಿಯಲ್ಲಿ: ನಾನು ಸುಳ್ಳು ಹೇಳಿದ್ದಕ್ಕೆ ಅಜ್ಜಿ ಇದನ್ನು ಕೊಟ್ಟರು, ಹಿಂದಕ್ಕೆ ಕೊಡಿ.

ತಂಬಿಗೆ ಸಿಕ್ಕಿತು. ಒಲೆ, ಎರಡು ಪಾತ್ರೆ, ಟ್ರಾನ್ಸಿಸ್ಟರ್ ಸಿಕ್ಕವು. ಅಂಬುಜಾಕ್ಷಿ ಎಂಬ ಹೆಣ್ಣುಮಗಳು ಮಣೆಯನ್ನು ಹೊರಗೆ ತಂದಿಟ್ಟು, "ನೀವು ರೇಡಿಯೊ ರಿಪೇರಿ ಮಾಡೋರು ತಾನೆ?" ಎಂದಷ್ಟೇ ಕೇಳಿ ಬಾಗಿಲು ಹಾಕಿಕೊಂಡರು. ಕಂಬಳಿ ಮಾತ್ರ ಘಾಟಿನ ಭಿಕ್ಷುಕಿಯ ಮೈಮೇಲಿತ್ತು. ಅದನ್ನು ಕೇಳಲಿಲ್ಲ. ಗಿರಿಜಾದೇವಿಯವರ ರಜಾಯಿ ಇಂದಿಗೂ ಭಾಗೀರಥಮ್ಮನ ಕೋಣೆಯಲ್ಲೇ ಇದೆ.

ಜೋಕು ಬಿಟ್ಟಿರಾ ಎಂದರೆ ತಲೆ ಅಲ್ಲಾಡಿಸುತ್ತಾರೆ. "ನಾಲಿಗಿ ಎಲ್ಲಿ ಬಿಡತೈತ್ರೀ. ಈಗ ಹೇಳೂಕಿನ ಮೊದಲು ಯಾರ್‍ಯಾರು ಕುಂತಾರ ಅಂತ ನೋಡ್ತೀನಿ, ಅಷ್ಟ."

ಬೆಳಗಿನ ಕೆಲಸ ಮುಗಿಸಿ ಕೇದಾರಘಾಟಿನ ಗಲ್ಲಿಗೆ ಹೋಗುವುದು ಈಗ ದಿನದ ಪರಿಪಾಠ. ಭಾಗೀರಥಮ್ಮ ಮಣೆ ಸರಿಸಿ, "ಇವತ್ತೇನಪ್ಪ ಸುದ್ದಿ?" ಎನ್ನುತ್ತಾರೆ. ಕೊಟ್ಟೂರಯ್ಯ ಕೇಳಿದ್ದನ್ನು ಕೇಳಿದಂತೆ, ಒಗ್ಗರಣೆ ಇಲ್ಲದೆ ಒಪ್ಪಿಸುತ್ತಾರೆ. ಐದು ತಿಂಗಳಲ್ಲಿ ಒಂದು ದಿನ ತಪ್ಪಿಸಿಲ್ಲ.

ಏನಾದರೂ ಆಸೆ ಇದೆಯೇ ಎಂದು ಕೇಳಿದಾಗ, ದೂರದೇಶದ ಇನ್ನೊಂದು ಕಾರ್ಡು ಎನ್ನಬಹುದೆಂದು ಕೇಳಿದವರು ಗೋಡೆ ನೋಡುತ್ತಾರೆ. ಕೊಟ್ಟೂರಯ್ಯ ಬೆಸುಗೆಯ ತಂತಿಯನ್ನು ಬೆರಳಿಗೆ ಸುತ್ತುತ್ತಾರೆ.

"ಒಂದಿನ ಆದ್ರೂ 'ನೀ ಹೇಳೂದು ಖರೇ ಏನೋ?' ಅಂತ ಕೇಳಬೇಕ್ರೀ ಆ ಅಜ್ಜಿ" ಎನ್ನುತ್ತಾರೆ. "ಏನ್ ಹೇಳಿದ್ರೂ ಹೂಂ ಅಂತಾರ. ಇನ್ನೂ ನನ್ನ ನಂಬ್ತಾರ."