ದವಾಖಾನೆಯ ಹಿಂದಿನ ಅರ್ಥಿಂಗ್ ಗುಂಡಿ

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ನಾನು ನವಲಗುಂದ ತಾಲೂಕಿನ ಹಳ್ಳಿಯೊಂದರ ಸರಕಾರಿ ದವಾಖಾನೆಯ ಹಿಂದಿನ ಕೋಣೆಯಲ್ಲಿ ಮೂರು ತಿಂಗಳು ಇದ್ದೆ. ಜೊತೆಗಿದ್ದದ್ದು ನಾನೇ ಕಟ್ಟಿದ ಯಂತ್ರ. ಎದೆಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಇಸಿಜಿ. ದೂರದ ಸಂಸ್ಥೆಯೊಂದರಲ್ಲಿ ವೈದ್ಯಕೀಯ ಎಂಜಿನಿಯರಿಂಗ್‌ನಲ್ಲಿ ಪಿಎಚ್‌ಡಿ ಮಾಡಲು ನನಗೆ ಶಿಷ್ಯವೇತನ ಸಿಕ್ಕಿತ್ತು. ಎರಡು ವರ್ಷ ಮುಗಿದಿದ್ದವು. ಅದು ಮೂರನೆಯ ವರ್ಷಕ್ಕೆ ಮುಂದುವರಿಯಬೇಕಾದರೆ, ಹಳ್ಳಿಯ ಕರೆಂಟಿನಲ್ಲಿಯೂ ಯಂತ್ರ ಸರಿಯಾಗಿ ನಡೆಯುತ್ತದೆ ಎಂದು ತೋರಿಸುವ ವರದಿಯನ್ನು ಸಮಿತಿಯ ಮುಂದೆ ಇಡಬೇಕಿತ್ತು. ಇಲ್ಲವಾದರೆ ಗಂಟು ಕಟ್ಟಿಕೊಂಡು ಅಣ್ಣಿಗೇರಿಗೆ, ಅಪ್ಪನ ಕಾಳಿನ ಅಂಗಡಿಗೆ.

ಸಂಸ್ಥೆಯಲ್ಲಿ ನನ್ನ ಜೊತೆಯವರಿಗೆ ಎರೆ ನೆಲ ಹೇಗಿರುತ್ತದೆ ಎಂದು ಗೊತ್ತಿರಲಿಲ್ಲ. ಈ ಊರಿನವರಿಗೆ ನಾನು ಏನು ಓದುತ್ತೇನೆ ಎಂದು ಗೊತ್ತಿರಲಿಲ್ಲ. ಸಂಜೆಯ ಬಸ್ಸು ಹೋದ ಮೇಲೆ ಊರಿನ ಗಂಡಸರು ಕಟ್ಟೆಯ ಮೇಲೆ ಕೂರುತ್ತಿದ್ದರು. ನಾನು ಹೋದರೆ ಜಾಗ ಬಿಟ್ಟುಕೊಟ್ಟು ಮಾತು ನಿಲ್ಲಿಸುತ್ತಿದ್ದರು. ಕೆಲ ದಿನ ಹೋಗಿ ಆಮೇಲೆ ಬಿಟ್ಟೆ.

ನನ್ನೊಡನೆ ಸಲಿಗೆಯಿಂದ ಮಾತಾಡುತ್ತಿದ್ದವಳು ದವಾಖಾನೆಯ ಆಯಾ. ಕಸ ಹೊಡೆದು, ನೆಲ ಒರೆಸಿ, ಬಾಣಂತಿಯರಿಗೆ ನೀರು ಕಾಯಿಸುವ, ಐವತ್ತರ ಆಸುಪಾಸಿನ ಹೆಂಗಸು. ನಾನು ಅವಳನ್ನು ಅಕ್ಕಾ ಎನ್ನುತ್ತಿದ್ದೆ.

"ಹಿಂಗ ತಂತಿ ಜೋಡಿ ಕುಂತ್ರ ನಿನಗ ಕನ್ಯಾ ಯಾರ ಕೊಡ್ತಾರೋ ತಮ್ಮಾ?" ಎಂದು ದಿನಾ ಕೇಳುವಳು.

ಯಂತ್ರದ ಲೋಹದ ಡಬ್ಬಿಗೆ ಎಲ್ಲಾದರೂ ಕರೆಂಟು ತಗುಲಿದರೆ ಅದು ಮನುಷ್ಯರ ಮೈಗೆ ಬಾರದೆ ನೆಲಕ್ಕೆ ಇಳಿದುಹೋಗಬೇಕು. ಅದಕ್ಕಾಗಿ ದವಾಖಾನೆಯ ಹಿಂದೆ ಗುಂಡಿ ತೋಡಿ, ಕಬ್ಬಿಣದ ಸಲಾಕೆ ಹೂಳಿ, ಇದ್ದಿಲು ಉಪ್ಪು ತುಂಬಿಸಿ, ಡಬ್ಬಿಯಿಂದ ಅದಕ್ಕೊಂದು ಅರ್ಥಿಂಗ್ ತಂತಿ ಎಳೆದಿದ್ದೆ. ನೆಲ ಹಸಿಯಾಗಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ದಿನಾ ಬೆಳಿಗ್ಗೆ ಅಲ್ಲಿ ಒಂದು ಕೊಡ ನೀರು ಹಾಕು ಎಂದು ಅಕ್ಕನಿಗೆ ಹೇಳಿದೆ. ಯಾಕೆ ಎಂದು ಹೇಳಲಿಲ್ಲ. ಹೇಳಿದರೆ ಆಕೆಗೆ ತಿಳಿಯಲಿಕ್ಕಿಲ್ಲ ಅಂದುಕೊಂಡಿದ್ದೆನೋ ಏನೋ.

ಊರಿಗೆಲ್ಲ ಒಂದೇ ಕೆರೆ. ಬಿಸಿಲು ಏರಿದಂತೆ ಅದರ ತಳ ಕಾಣತೊಡಗಿತು. ಕೊಡ ಹೊತ್ತ ಹೆಂಗಸರು ಅಕ್ಕನನ್ನು ಆಡಿಕೊಂಡರಂತೆ. "ಏನ್ ಬೇ, ಕುಡಿಯೂ ನೀರು ಕಬ್ಬಿಣಕ್ಕ ಕುಡಸಾಕತ್ತೀಯಂತ? ಅದೇನ್ ಕಾಳ ಬಿಡತೈತೇನ್?" ಅಕ್ಕ ನಾಚಿ ನೀರು ಹಾಕುವುದನ್ನು ನಿಲ್ಲಿಸಿದಳು. ಇದು ನನಗೆ ಗೊತ್ತಾದದ್ದು ಆಮೇಲೆ.

ಎರೆ ನೆಲ ಬೇಸಿಗೆಯಲ್ಲಿ ಕರುವಿನ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ಅಂಗಳದಲ್ಲಿ ಬಿರುಕು ಬಿಟ್ಟರೆ ನಮ್ಮ ಕಡೆಯ ಹೆಂಗಸರು ಹೊಟ್ಟು ಬೂದಿ ತುಂಬಿ ಮೇಲೆ ಸಗಣಿ ಸಾರಿಸುತ್ತಾರೆ. ನನ್ನ ಅವ್ವನೂ ಹಾಗೆ ಮಾಡುತ್ತಿದ್ದಳು. ಸಲಾಕೆಯ ಸುತ್ತ ಬಿರಿದ ನೆಲವನ್ನು ಅಕ್ಕ ಹಾಗೆಯೇ ಮುಚ್ಚಿ, ದಿನಾ ಸಾರಿಸಿ, ಮೇಲೊಂದು ಪುಟ್ಟ ರಂಗೋಲಿ ಹಾಕುತ್ತಿದ್ದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ನೆಲ ಹಸಿಯಾಗಿ, ಅಚ್ಚುಕಟ್ಟಾಗಿ ಕಾಣುತ್ತಿತ್ತು. ಕೆಳಗೆ ಸಲಾಕೆ ಒಣ ಹೊಟ್ಟಿನಲ್ಲಿ ಸುಮ್ಮನೆ ನಿಂತಿತ್ತು. ಅದೇ ನೆಲದಲ್ಲಿ ಹುಟ್ಟಿದ ನಾನು ಒಂದು ಸಲವೂ ಮೀಟರ್ ಹಚ್ಚಿ ನೋಡಲಿಲ್ಲ.

ಆ ದಿನ ಬೆಳಿಗ್ಗೆ ಐದಾರು ಹೆಂಗಸರು ಬಂದಿದ್ದರು. ದವಾಖಾನೆಯಲ್ಲಿ ಔಷಧಿ ಕೊಡುವ ಕಂಪೌಂಡರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ತಂತಿ ಕಂಡು ಯಾರೂ ಮಲಗಲು ಒಪ್ಪಲಿಲ್ಲ.

"ಏನ್ ಹೆದರ್ತೀರಿ? ನಾ ಮೊದಲ ಮಲ್ಕೋತೀನಿ ನೋಡ್ರಿ" ಎಂದಳು ಅಕ್ಕ. "ಸತ್ತರ ನಮ್ಮ ಸೊಸಿ ಒಬ್ಬಾಕಿಗರ ಖುಷಿ ಆಗತೈತಿ."

ಎಲ್ಲರೂ ನಕ್ಕರು. ಅಕ್ಕ ಕಟ್ಟಿಗೆಯ ಮಂಚದ ಮೇಲೆ ಮಲಗಿದಳು. ಎರಡು ಕೈಗೂ ಎರಡು ಕಾಲಿಗೂ ಪಟ್ಟಿ ಕಟ್ಟಿದೆ. ಬಲಗಾಲಿನ ತಂತಿ ನೇರವಾಗಿ ಯಂತ್ರದ ಡಬ್ಬಿಗೆ ಸೇರಿತ್ತು. ಸ್ವಿಚ್ ಹಾಕಿದೆ. ಗೆರೆ ಕಂಬಳಿಹುಳದ ಹಾಗೆ ದಪ್ಪಗೆ ಬಂತು. ಹತ್ತಿರದಲ್ಲೆಲ್ಲೋ ಇರುವ ಕರೆಂಟು ಗೆರೆಯೊಳಗೆ ಸೇರಿ ಗದ್ದಲ ಮಾಡುತ್ತಿದೆ ಎಂದು ಅದರ ಅರ್ಥ. ಆ ಗದ್ದಲವನ್ನು ಅಳಿಸುವ ಸರ್ಕಿಟ್ಟೇ ನನ್ನ ಎರಡು ವರ್ಷದ ಸಂಶೋಧನೆ. ಇನ್ನೊಂದು ಸ್ವಿಚ್ ಹಾಕಿದೆ. ಗೆರೆ ತೆಳ್ಳಗಾಗಿ, ಅಕ್ಕನ ಎದೆಬಡಿತ ಸ್ಪಷ್ಟವಾಗಿ ಮೂಡಿತು. ಕಾಗದ ಹಿಡಿದು ಹಿಗ್ಗಿದೆ. ಅಪಾಯ ಇದೆ ಎಂದು ಯಂತ್ರ ಹೇಳಿತ್ತು. ಅದರ ಬಾಯಿ ಮುಚ್ಚಿಸಿದವನು ನಾನು.

ಅಕ್ಕನ ಸೀರೆ ಮೊಣಕಾಲಿನತನಕ ಸರಿದಿತ್ತು. ಅವಳ ನೆರೆಮನೆಯವಳು ಎದ್ದು ಬಂದಳು. ಆಗಷ್ಟೇ ಒರೆಸಿದ ಹಸಿ ಫರಸಿಕಲ್ಲಿನ ನೆಲದ ಮೇಲೆ ಬರಿಗಾಲು. "ಕಾಲ ಮುಚ್ಕೋ ಬೇ, ಗಂಡಸ್ರ ಅದಾರ" ಎನ್ನುತ್ತ ಬಗ್ಗಿ, ಬಲಪಾದದ ಹತ್ತಿರ ಸೀರೆ ಎಳೆಯಲು ಹೋದಳು.

ಮುಂದಿನದು ಒಂದೆರಡು ಕ್ಷಣದ್ದು. ಬೆರಳು ಅಕ್ಕನ ಕಾಲಿಗೆ ತಗುಲಿದ್ದೇ ಅವಳು ಹಿಂದಕ್ಕೆ ಎಗರಿ ಗೋಡೆಗೆ ಬಡಿದು ಬಿದ್ದಳು. ಅಕ್ಕ ಚೀರಿದಳು. "ಮೇನ್ ತಗೀರಿ, ಮೇನ್!" ಎಂದು ಕಂಪೌಂಡರ್ ಕೂಗಿದರು. ಮೇನ್ ಸ್ವಿಚ್ ನನ್ನಿಂದ ಎರಡು ಹೆಜ್ಜೆ ದೂರದಲ್ಲಿತ್ತು. ನಾನು ಕಾಗದ ಹಿಡಿದುಕೊಂಡೇ ನಿಂತಿದ್ದೆ. ಬಾಗಿಲಿನಿಂದ ಓಡಿಬಂದು ಅದನ್ನು ಎಳೆದವರು ಅವರೇ.

"ಯವ್ವಾ, ಚೇಳ ಕಡದಂಗಾತಲ್ಲೇ" ಎಂದು ಬಿದ್ದವಳು ಗೋಡೆ ಹಿಡಿದು ಎದ್ದು ಕೂತಳು. ಮೊಣಕೈ ತರಚಿತ್ತು. ಅಕ್ಕನ ಬಲಪಾದದ ಗಂಟಿನ ಹತ್ತಿರ ಸುಟ್ಟ ಗಾಯ. ಇಬ್ಬರೂ ಉಳಿದರು.

ಡಬ್ಬಿ ಬಿಚ್ಚಿದೆ. ಊರಿಗೆ ತರುವಾಗ ಬಸ್ಸಿನ ಕುಲುಕಾಟದಲ್ಲಿ ವೈರಿನ ರಬ್ಬರು ಸವೆದು ತಾಮ್ರ ಡಬ್ಬಿಗೆ ತಗುಲಿತ್ತು. ಹಿಂದೆ ಹೋಗಿ ಗುಂಡಿ ಕೆದಕಿದೆ. ಮಣಿಕಟ್ಟಿನವರೆಗೆ ಕೈ ಹೊಟ್ಟಿನಲ್ಲಿ ಇಳಿಯಿತು.

ಅಕ್ಕ ಕುಂಟುತ್ತ ಬಂದು ನಿಂತಳು. "ತಮ್ಮಾ, ಎಂಟ ದಿನ ಆತು, ನಾ ನೀರ ಹಾಕಿಲ್ಲೋ."

ಕಂಪೌಂಡರ್ ನನ್ನನ್ನು ಬದಿಗೆ ಕರೆದರು. "ಸರ, ವರದಿಯೊಳಗ ಅಷ್ಟ ಬರೀರಿ. ಆಯಾ ನೀರ ಹಾಕಿರಲಿಲ್ಲ ಅಂತ. ಸುಳ್ಳೇನಲ್ಲಲ್ರಿ. ನಿಮ್ಮ ಸ್ಕಾಲರ್‌ಶಿಪ್ ಉಳೀತೈತಿ."

"ಆಕಿ ನೌಕರಿ?"

"ಆಕೀದೇನ ಕಾಯಂ ನೌಕರಿ ಅಲ್ಲಲ್ರಿ."

ನಾನು ಹಾಗೆಯೇ ಬರೆದೆ. ಸುಳ್ಳಲ್ಲದ ಆ ಒಂದು ಸಾಲನ್ನು ಬರೆದು ಚೀಲದಲ್ಲಿಟ್ಟುಕೊಂಡು ಸಂಸ್ಥೆಗೆ ಹೋದೆ. ಅಲ್ಲಿ ವರದಿಗೆಂದು ಕರೆಂಟು ಹರಿದ ದಾರಿಯ ಚಿತ್ರ ಬರೆಯಬೇಕಾಯಿತು. ಬಲಗಾಲಿನ ಪಟ್ಟಿಯಿಂದ ನೆರೆಯವಳ ಬೆರಳಿಗೆ, ಅಲ್ಲಿಂದ ಹಸಿ ನೆಲಕ್ಕೆ. ಅಕ್ಕನ ಮೈಯಲ್ಲಿ ಅದು ದಾಟಿದ್ದು ಗೇಣು ಚರ್ಮ ಅಷ್ಟೇ. ಅವಳು ಧೈರ್ಯ ಹೇಳಲು ಅಕ್ಕನ ಕೈ ಹಿಡಿದಿದ್ದರೆ? ಅದನ್ನೂ ಬರೆದು ನೋಡಿದೆ. ಗೆರೆ ಕಾಲಿನಿಂದ ಹೊರಟು ಅಕ್ಕನ ಎದೆಯನ್ನು ದಾಟಿಕೊಂಡೇ ಹೋಗಬೇಕು. ಬೇರೆ ದಾರಿ ಇಲ್ಲ. ಪೆನ್ಸಿಲ್ ಕೆಳಗಿಟ್ಟೆ. ನನ್ನ ಯಂತ್ರವನ್ನು ನಂಬಿ ಮಲಗಿದವಳ ಜೀವವನ್ನು ನಾನು ಒಂದು ಕೊಡ ನೀರಿಗೆ ಕಟ್ಟಿಹಾಕಿದ್ದೆ, ಅದನ್ನು ಅವಳಿಗೆ ತಿಳಿಸಿಯೂ ಇರಲಿಲ್ಲ. ಬರೆದ ಸಾಲನ್ನು ಹೊಡೆದುಹಾಕಿ, ಬಲಗಾಲನ್ನು ನೇರ ಡಬ್ಬಿಗೆ ಸೇರಿಸಿದ ನನ್ನ ಸರ್ಕಿಟ್ಟಿನ ತಪ್ಪನ್ನೇ ಬರೆದೆ.

ಸಮಿತಿಯವರು ವರದಿ ಓದಿದರು. ಅರ್ಥಿಂಗ್ ನೋಡಿಕೊಳ್ಳುವ ಹೊಣೆ ಯಾರದಿತ್ತು ಎಂದು ಒಬ್ಬರು ಕೇಳಿದರು. ನನ್ನದು ಎಂದೆ. ಶಿಷ್ಯವೇತನ ಮೂರನೆಯ ವರ್ಷಕ್ಕೆ ಮುಂದುವರಿಯಿತು, ಒಂದು ಕರಾರಿನ ಮೇಲೆ. ಯಂತ್ರವನ್ನು ಬ್ಯಾಟರಿಯ ಮೇಲೆ ನಡೆಯುವಂತೆ ಹೊಸದಾಗಿ ಕಟ್ಟಬೇಕು. ಅದು ಸರಿಯಾಯಿತೆಂದು ಸಮಿತಿ ಒಪ್ಪುವವರೆಗೆ ನನ್ನ ಮೈ ಬಿಟ್ಟು ಇನ್ನೊಬ್ಬರ ಮೈಗೆ ಪಟ್ಟಿ ಕಟ್ಟಕೂಡದು.

ಆ ವರ್ಷವಿಡೀ ಪ್ರಯೋಗಾಲಯದ ಮೂಲೆಯಲ್ಲಿ ನಾನೊಬ್ಬನೇ ಮಲಗಿ, ನನ್ನದೇ ಗೆರೆ ಬರೆಸಿ, ಎದ್ದು ಹರಿದು ಕಡತಕ್ಕೆ ಅಂಟಿಸಿದೆ. ಪಟ್ಟಿ ಕಟ್ಟುವುದೂ ನಾನೇ, ಬಿಚ್ಚುವುದೂ ನಾನೇ. ಬ್ಯಾಟರಿಯಲ್ಲಿ ಯಾರನ್ನೂ ಎಗರಿಸುವ ಬಲವಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಸ್ವಿಚ್ ಹಾಕುವ ಮೊದಲು ತಲೆಯೆತ್ತಿ, ನಮ್ಮ ಕಡೆಯ ಮಾತು ತಿಳಿಯದ ಆ ಖಾಲಿ ಕೋಣೆಗೆ ಗಟ್ಟಿಯಾಗಿ ಹೇಳುತ್ತಿದ್ದೆ: "ಯಾರೂ ಮುಟ್ಟಬ್ಯಾಡ್ರಿ."