ಕಿಟಕಿಯಾಚೆ ನಿಂತು ಮಾತಾಡಿಸಿದ್ದು

ಮೊನ್ನೆ ಮುದ್ದೇಬಿಹಾಳದ ಔಷಧಿ ಅಂಗಡಿಯಲ್ಲಿ ಸ್ಪಿರಿಟ್ ಬಾಟಲಿಯೊಂದು ಬಿದ್ದು ಒಡೆಯಿತು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾಲತವಾಡದ ನಮ್ಮ ಓಣಿಯ ನರ್ಸಬಾಯಿ ಕಣ್ಣ ಮುಂದೆ ಬಂದರು... ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರನ್ನೋ ಬೈಯುತ್ತ.

ಕೊರೊನಾದ ಮೊದಲ ವರ್ಷ ನಮ್ಮ ಆಯಿ, ಅವ್ವನ ತಾಯಿ, ಹಾಸಿಗೆ ಹಿಡಿದಳು. ಕೊರೊನಾ ಅಲ್ಲ, ವಯಸ್ಸು. ಇನ್ನು ಔಷಧಿಯಿಂದ ಆಗುವುದೇನಿಲ್ಲ, ನೋವಾಗದಂತೆ ನೋಡಿಕೊಳ್ಳಿ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ನಿವೃತ್ತರಾಗಿದ್ದ ನರ್ಸಬಾಯಿ ಕರೆಯದೆಯೇ ಬಂದರು. ದಿನಾ ಆಯಿಯ ಮಗ್ಗಲು ಬದಲಿಸಿ, ಬೆನ್ನಿಗೆ ಸ್ಪಿರಿಟ್ ತಿಕ್ಕಿ ಪೌಡರ್ ಹಾಕುತ್ತಿದ್ದರು. ಒಣಗಿದ ತುಟಿಗೆ ಹತ್ತಿಯಿಂದ ನೀರು ಹಚ್ಚುತ್ತಿದ್ದರು.

ಆಯಿಯ ಕಣ್ಣು ಮಾತ್ರ ಬಾಗಿಲ ಮೇಲೆ. ನಮ್ಮ ಕಡೆ ಯಾರಾದರೂ ಹಾಸಿಗೆ ಹಿಡಿದರೆ ಊರೆಲ್ಲ ಬಂದು ಮಾತಾಡಿಸಿ ಹೋಗಬೇಕು. ಹಾಗೆ ಎಷ್ಟೋ ಮನೆಗೆ ಹೋಗಿ ಬಂದವಳು ಅವಳು. ಅವಳ ಪಾಳಿ ಬಂದಾಗ ಲಾಕ್‌ಡೌನು, ಒಂದು ನರಪಿಳ್ಳೆಯೂ ಸುಳಿಯಲಿಲ್ಲ.

"ನಾ ಏನ್ ತಪ್ಪ ಮಾಡೇನಿ? ಒಬ್ಬರೂ ಬರವಲ್ರು," ಎಂದು ಅತ್ತಳು.

ಮರುದಿನ ನರ್ಸಬಾಯಿ ಆಯಿಯನ್ನು ಮಾತಾಡಿಸಲು ಬರಬೇಕೆಂದು ಮನೆಮನೆಗೆ ಹೇಳಿ ಬಂದರು. ಆಯಿಯ ಮಂಚವನ್ನು ಬೀದಿ ಕಿಟಕಿಗೆ ಸರಿಸಿ, ಹೊರಗೆ ಸುಣ್ಣದ ಗೆರೆ ಎಳೆದರು. ಜನ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಒಬ್ಬೊಬ್ಬರಾಗಿ ಬಂದು ಗೆರೆಯಾಚೆ ನಿಂತರು. ಆಯಿಗೆ ಕಿವಿ ಮಂದ. ಹಾಗಾಗಿ ಓಣಿಗೆ ಓಣಿಯೇ ಜಗಳಕ್ಕೆ ಬಿದ್ದಂತೆ ಕೂಗಾಡಿತು.

"ಆಯೀ, ನಾ ಬಂದೇನಿ! ಊಟ ಆತೇನ?"

"ಮಾರಿ ಮುಚ್ಚಿಕೊಂಡ ಬಂದ್ರ ಹೆಂಗ ಗುರ್ತಾ ಹಿಡೀಲಿ?" ಆಯಿ ಒಳಗಿಂದಲೇ ದಬಾಯಿಸಿದಳು. ನನಗೆ ನಗುವೂ ಬಂತು, ಅಳುವೂ ಬಂತು.

ಗದ್ದಲ ಕೇಳಿ ಬಂದ ಪೊಲೀಸನೊಬ್ಬ ಲಾಠಿ ಎತ್ತಿದ. ನರ್ಸಬಾಯಿ ಅಡ್ಡ ನಿಂತರು.

"ಗೆರಿ ದಾಟಿದವರಿಗೆ ನಾನೇ ಬಡೀತೇನಿ, ನಿಮಗ್ಯಾಕ ತ್ರಾಸ? ಆದ್ರ ಈ ಮುದುಕಿ ಯಾರ ಮಾರೀನೂ ನೋಡದ ಹೋಗಾಕ ನಾ ಬಿಡೂದಿಲ್ರಿ."

ಅವನು ಅತ್ತಿತ್ತ ನೋಡಿದ. ಆಮೇಲೆ ತಾನೂ ಗೆರೆಯ ಬಳಿ ನಿಂತು, "ಆರಾಮ ಅದೀರೇನ್ರೀ ಆಯೀ?" ಎಂದು ಕೂಗಿ ಹೋದ.

ಆ ವಾರವೇ ಆಯಿ ನನ್ನ ಕೈಯಿಂದ ನೀರು ಕುಡಿದು ಕಣ್ಣು ಮುಚ್ಚಿದಳು.

ಮರುವರ್ಷ ಕೊರೊನಾ ನರ್ಸಬಾಯಿಯನ್ನೇ ಹಿಡಿಯಿತು. ದೊಡ್ಡಾಸ್ಪತ್ರೆಯ ವಾರ್ಡಿಗೆ ಯಾರನ್ನೂ ಬಿಡಲಿಲ್ಲ. ಕಾಂಪೌಂಡಿನ ಹೊರಗೆ ನಿಂತು ಕೂಗಿದೆ: "ಬಾಯಾರ, ನಾ ಬಂದೇನ್ರೀ!" ಕಾವಲಿನವನು ಗದರಿದ. ಮತ್ತೆ ಕೂಗಿದೆ. ಅವರಿಗೆ ಕೇಳಿಸಿತೋ ಇಲ್ಲವೋ...

ಆದದ್ದು ಆಯಿತು, ಮರೆತುಬಿಡು ಎನ್ನುತ್ತಾರೆ ಈಗ. ನಾನು ಮರೆಯುವುದಿಲ್ಲ. ಅವರು ಒಬ್ಬರೇ ಹೋದರು. ಅದನ್ನು ನಾನು ಒಪ್ಪಿಲ್ಲ, ಒಪ್ಪುವುದೂ ಇಲ್ಲ.