ಮೇಲ್ಗಿವಿಗೆ ತುರುಕಿದ ಬೆಂಡು

ನಾನು ಚಿಕ್ಕವಳಿದ್ದಾಗ ಕಿವಿಯೆಲ್ಲ ಒಂದೇ ಎಂದುಕೊಂಡಿದ್ದೆ. ಕೆಳಗಿನ ಹಾಲೆಯೂ ಕಿವಿ, ಮೇಲಿನ ಅಂಚೂ ಕಿವಿ. ಹಾಗೆಂದುಕೊಂಡೇ ಕೆಟ್ಟೆ.

ಅಕ್ಕನ ಮದುವೆ ಹತ್ತಿರ ಬಂದಿತ್ತು. ನನ್ನಿವಾಳದ ನಮ್ಮ ಮನೆಗೆ ಅಕ್ಕಸಾಲಿಗ ಬಂದು ನನ್ನ ಮೇಲ್ಗಿವಿ ಚುಚ್ಚಿ, ತೂತಿಗೆ ಬೇವಿನ ಕಡ್ಡಿ ಇಟ್ಟು ಹೋದ. ಮದುವೆಯ ದಿನ ಅಲ್ಲಿಗೆ ತನ್ನ ಮುತ್ತಿನ ಬುಗುಡಿ ಹಾಕುತ್ತೇನೆಂದು ಅವ್ವ ಹೇಳಿದ್ದಳು. ಆದರೆ ಬುಗುಡಿಯ ತಿರುಪು ದಪ್ಪ, ನನ್ನ ತೂತು ಸಣ್ಣದು.

ಹಾಲೆಯ ತೂತು ಹಿಗ್ಗಿಸಲು ನಮ್ಮಲ್ಲಿ ಒಣ ಜೋಳದ ದಂಟಿನ ಬೆಂಡು ಇಡುತ್ತಿದ್ದರು. ದಂಟಿನ ಸಿಪ್ಪೆ ಸುಲಿದರೆ ಒಳಗೆ ಬೆಳ್ಳಗೆ, ಹಗುರಾಗಿ ಇರುತ್ತದಲ್ಲ, ಅದೇ ಬೆಂಡು. ನೀರು ತಾಗಿದರೆ ಉಬ್ಬುತ್ತದೆ. ನಾನು ಯಾರಿಗೂ ಹೇಳದೆ ಬೇವಿನ ಕಡ್ಡಿ ಕಿತ್ತು, ಮೇಲ್ಗಿವಿಗೇ ಬೆಂಡು ತುರುಕಿ ನೀರು ಹಚ್ಚಿಕೊಂಡೆ.

ಮೂರನೇ ದಿನಕ್ಕೆ ಕಿವಿ ಕಡುಬಿನಂತೆ ಊದಿ ಸುಡತೊಡಗಿತು. ಹೇಳಿದರೆ ಬುಗುಡಿ ಕೈತಪ್ಪುತ್ತದೆಂದು ತಲೆಗೆ ವಸ್ತ್ರ ಸುತ್ತಿಕೊಂಡು ತಿರುಗಿದೆ. ಐದನೇ ದಿನ ಬೆಳಿಗ್ಗೆ ಎಣ್ಣೆ ಹಚ್ಚಿ ತಲೆ ಬಾಚಲು ಕೂತ ಅಕ್ಕ ಆ ವಸ್ತ್ರ ಎಳೆದಳು.

“ಅವ್ವಾ, ಇವಳ ಕಿವಿ ಕೊಳೆತೈತೆ ನೋಡು ಬಾ.”

ಅವ್ವ ಬಂದು ನೋಡಿದಳು. “ಬಾಯಿ ಐತಲ್ಲೇ ನಿಂಗೆ? ಬರೀ ಉಣ್ಣಾಕ ಇಟ್ಕಂಡೀಯಾ?”

ಅಪ್ಪ ತಕ್ಷಣ ಚಳ್ಳಕೆರೆಯ ಡಾಕ್ಟರ ಹತ್ತಿರ ಹೋಗಲು ಗಾಡಿ ಕಟ್ಟಿದ. ಗಾಡಿ ಕುಲುಕಿದಾಗಲೆಲ್ಲ ಕಿವಿಯೊಳಗೆ ಒನಕೆ ಕುಟ್ಟಿದಂತಾಗುತ್ತಿತ್ತು. ಗಿರಣಿಗಳ ಕಡ್ಲೆಕಾಯಿ ಎಣ್ಣೆಯ ವಾಸನೆ ಬಂದಾಗ ಊರು ಬಂತೆಂದು ತಿಳಿಯಿತು. ಡಾಕ್ಟರು ಕಿವಿ ಕುಯ್ದು ಕೀವು ತೆಗೆದರು, ಬೆಂಡಿನ ಚೂರುಗಳನ್ನೂ ತೆಗೆದರು. ನಾನು ಅತ್ತೆ, ಬಹಳ ಅತ್ತೆ.

“ಕಿವಿ ಉಳಿತೈತೇನ್ರಿ?” ಎಂದ ಅಪ್ಪ.

“ಕೇಳಿಸೋದು ಕೇಳಿಸುತ್ತೆ. ಆಕಾರದ ಮಾತು ಹೇಳಕ್ಕಾಗಲ್ಲ.”

ಡಾಕ್ಟರು ನನ್ನ ಒಳ್ಳೆಯ ಕಿವಿಯನ್ನು ಮಡಚಿ ಬಿಟ್ಟರು. ಅದು ಮತ್ತೆ ನೆಟ್ಟಗಾಯಿತು. ಹಾಲೆಯಲ್ಲಿ ಬರೀ ಮಾಂಸ, ಕೊಬ್ಬು; ಅದು ಹಿಗ್ಗುತ್ತದೆ. ಮೇಲೆ ಇರುವುದು ಮೆತ್ತನೆಯ ಎಲುಬು. ಅದರೊಳಗೆ ರಕ್ತ ಹರಿಯುವುದಿಲ್ಲ, ಮೇಲಿನ ಪೊರೆಯೇ ಅದಕ್ಕೆ ಉಣಿಸಬೇಕು. ಕೀವು ತುಂಬಿ ಪೊರೆ ಬಿಟ್ಟುಕೊಂಡರೆ ಎಲುಬು ಉಪವಾಸ ಬಿದ್ದು ಸಾಯುತ್ತದೆ ಎಂದರು.

“ಎಲುಬು ಬಗ್ಗತೈತೇನ್ರಿ?” ಅಪ್ಪ ನಂಬಲಿಲ್ಲ.

ಡಾಕ್ಟರು ಅಪ್ಪನ ಬೆರಳನ್ನೇ ಅಪ್ಪನ ಮೂಗಿನ ತುದಿಗೆ ಒತ್ತಿಸಿದರು, ಆಮೇಲೆ ಗಂಟಲಿಗೆ. ಉಸಿರಿನ ಕೊಳವೆ ಮುಚ್ಚಿಕೊಳ್ಳದಂತೆ ಅಲ್ಲಿ ಇಂಥದ್ದೇ ಬಳೆಗಳಿವೆಯಂತೆ. ಮಂಡಿಯೊಳಗೆ ಎಲುಬಿಗೆ ಎಲುಬು ತೇಯದಂತೆ ನುಣ್ಣನೆಯ ಹೊದಿಕೆ. ಬೆನ್ನಿನ ಎಲುಬುಗಳ ನಡುವೆ ನಾರು ತುಂಬಿದ ಗಟ್ಟಿ ಬಿಲ್ಲೆ. “ನೀವು ಮೂಟೆ ಹೊತ್ತಾಗ ಭಾರ ತಡೆಯೋದು ಅದೇ, ಯಜಮಾನ್ರೆ.” ಅಪ್ಪ ಬೆನ್ನು ಮುಟ್ಟಿ ನೋಡಿಕೊಂಡ.

ಮದುವೆಯಲ್ಲಿ ನಾನು ಪಟ್ಟಿ ಕಟ್ಟಿಕೊಂಡೇ ಓಡಾಡಿದೆ. ಆಮೇಲೆ ಊತ ಇಳಿಯಿತು, ಕಿವಿಯ ಅಂಚು ಒಣ ಮೆಣಸಿನಕಾಯಿಯ ಹಾಗೆ ಮುದುಡಿಕೊಂಡಿತು. ಈಗಲೂ ಹಾಗೇ ಇದೆ.

ಈಗಿನ ಮಕ್ಕಳ ಪಾಠದ ಪುಸ್ತಕದಲ್ಲಿ ಈ ಮೆತ್ತನೆಯ ಎಲುಬಿಗೆ ಮೃದ್ವಸ್ಥಿ ಎಂಬ ಹೆಸರಿದೆ, ಅದರ ಮೂರು ಬಗೆಯ ಚಿತ್ರವೂ ಇದೆ. ಚಳ್ಳಕೆರೆಗೆ ಬೇಕೆಂದಾಗ ಬಸ್ಸು ಸಿಗುತ್ತದೆ, ಮನೆಗೆ ಫೋನು ಬಂದಿದೆ. ಆದರೂ ಮೊನ್ನೆ ಮೊಮ್ಮಗಳು ಸೈಕಲ್ಲಿನಿಂದ ಬಿದ್ದು, ಬೈಯುತ್ತಾರೆಂದು ಊದಿದ ಮಂಡಿಯನ್ನು ಎರಡು ದಿನ ಲಂಗದಲ್ಲಿ ಮುಚ್ಚಿಕೊಂಡು ತಿರುಗಿದಳು. ಕಂಡ ತಕ್ಷಣ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ದಾರಿಯುದ್ದಕ್ಕೂ ಬೈದೆ.